ಎಡಬಲ ಕ್ಯಾಪ್ಟನ್

ಬಿಳಿ ಕೈಗವಸು ಹಾಕಿಕೊಂಡ ಮೇಲೆ ಅವನಿಗೆ ತನ್ನ ಕೈಗಳ ಗುರುತೇ ಸಿಗದೆ ಹೋಯಿತು. ಕನ್ನಡಿಯ ಮುಂದೆ ನಿಂತು ಎರಡನ್ನೂ ಎತ್ತಿ ಹಿಡಿದು ನೋಡಿದ. ಎರಡೂ ಒಂದೇ ಬಿಳುಪು, ಒಂದೇ ಅಳತೆ. ಬಲಗೈ ಹೆಬ್ಬೆರಳ ಬುಡದಲ್ಲಿ ಒಂದು ಜಡ್ಡಿದೆ. ಕನ್ನಡಕದ ಗಾಜಿನ ಅಂಚನ್ನು ಸಾಣೆಗೆ ಒತ್ತಿ ಹಿಡಿದು ಹಿಡಿದು ವರ್ಷಗಳಿಂದ ಬೆಳೆದದ್ದು. ತೋರುಬೆರಳಿನಿಂದ ಅದನ್ನೊಮ್ಮೆ ಸವರಿದರೆ ಸಾಕು, ಇದು ಬಲ, ಹಾಗಾದರೆ ಅದು ಎಡ, ಎಂದು ಪ್ರಪಂಚ ತನ್ನ ಜಾಗದಲ್ಲಿ ಬಂದು ಕೂರುತ್ತಿತ್ತು. ಉಳಿದವರಿಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂಬುದು ಅವನಿಗೆ ಇವತ್ತಿಗೂ ಬಿಡಿಸಲಾಗದ ಒಗಟು. ಕೇಳಿದರೆ ಬರೆಯುವ ಕೈ ಬಲ ಎನ್ನುತ್ತಾರೆ. ಅವನು ಎರಡೂ ಕೈಯಲ್ಲಿ ಬರೆಯುತ್ತಾನೆ, ಎರಡರಲ್ಲೂ ಕೋಳಿ ಕೆದಕಿದ ಹಾಗೆ. ಎದೆ ಹೊಡೆದುಕೊಳ್ಳುವ ಕಡೆ ಎಡ ಎನ್ನುತ್ತಾರೆ. ಅವಸರದಲ್ಲಿ ಅವನ ಎದೆ ಮೈಯೆಲ್ಲ ಹೊಡೆದುಕೊಳ್ಳುತ್ತದೆ. ಅಂಗಡಿಯಲ್ಲಿ ಎಡಗಣ್ಣಿನ ಗಾಜಿಗೆ ಕೆಂಪು ಕಾಗದದ ಚುಕ್ಕಿ ಅಂಟಿಸಿಕೊಂಡು ಬಾಳು ಸಾಗಿಸಿದ್ದಾನೆ, ಯಾರಿಗೂ ಗುಟ್ಟು ಬಿಟ್ಟುಕೊಟ್ಟಿಲ್ಲ. ಬಲ್ಲವರು ಇಬ್ಬರೇ, ಹೆಂಡತಿ ಮತ್ತು ಮಗ. ಈಗ, ಚರ್ಚಿನ ಹುಡುಗರ ದಳಕ್ಕೆ ಕ್ಯಾಪ್ಟನ್ ಆಗಿ ಮೊದಲ ಸಲ ದಳವನ್ನು ಬೀದಿಯ ಮೇಲೆ ನಡೆಸಿಕೊಂಡು ಹೋಗಬೇಕಾದ ಭಾನುವಾರದ ಬೆಳಿಗ್ಗೆ, ಆ ಜಡ್ಡಿನ ಮೇಲೆ ಹತ್ತಿಬಟ್ಟೆ ಬಂದು ಕೂತಿತ್ತು. ಶನಿವಾರದ ಕವಾಯತಿಗೆ ಕೈಗವಸು ಇಲ್ಲ, ಚರ್ಚಿಗೆ ನಡೆದು ಹೋಗುವ ದಿನ ಮಾತ್ರ ಉಂಟು ಎನ್ನುವುದು ಅವನಿಗೆ ತಾನೇ ದಳದಲ್ಲಿ ಹುಡುಗನಾಗಿದ್ದಾಗಿನಿಂದ ಗೊತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ.

“ಏ, ಒಂದು ಗುಂಡಿ ಇದ್ರೆ ಕೊಡೇ,” ಎಂದು ಅಡುಗೆಮನೆಯ ಕಡೆ ಕೂಗಿದ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. “ಶರ್ಟಿಗೆ ಎಲ್ಲಾ ಗುಂಡಿನೂ ಇದ್ಯಲ್ಲ ರೀ.”

“ಶರ್ಟಿಗಲ್ಲ. ಕೈಗೆ.”

ಅವಳು ಅವನ ಬಿಳಿ ಕೈಗಳನ್ನೊಮ್ಮೆ ನೋಡಿದಳು, ಮುಖವನ್ನೊಮ್ಮೆ ನೋಡಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಅದು ಕಣ್ಣಿನಿಂದ ಹೊರಬಿತ್ತು. “ಮದುವೆ ದಿನ ಉಂಗುರಾನ ನನ್ನ ಯಾವ ಕೈಗೆ ಹಾಕ್ಬೇಕು ಅಂತ ಗೊತ್ತಾಗ್ದೆ ಪಾಸ್ಟರ ಮುಖ ನೋಡ್ತಾ ನಿಂತಿದ್ರಲ್ಲ, ನಾನು ಅವತ್ತೇ ಎಚ್ಚೆತ್ಕೊಬೇಕಿತ್ತು.” ಹೊಲಿಗೆಯ ಡಬ್ಬಿ ತಂದು, ಹಳೇ ಕೋಟಿನ ಒಂದು ದಪ್ಪ ಗುಂಡಿಯನ್ನು ಒಂದು ಗವಸಿನೊಳಗೆ ಅಂಗೈ ಭಾಗಕ್ಕೆ ತಳ್ಳಿ ಅದನ್ನು ತಾನೇ ಅವನ ಕೈಗೆ ತೊಡಿಸಿದಳು. “ಗುಂಡಿ ಒತ್ತೋ ಕೈ ಬಲ. ಮರೀಬೇಡಿ.”

“ಸಣ್ಣ ಮಗೂಗೆ ಹೇಳ್ದಂಗೆ ಹೇಳ್ಬೇಡ.”

“ಸಣ್ಣ ಮಗೂಗೆ ಒಂದ್ ಸಲ ಹೇಳಿದ್ರೆ ಸಾಕು.”

ಮಗ ಆಗಲೇ ಹೊರಟುಹೋಗಿದ್ದ. ಒಂದೇ ಮನೆ, ಒಂದೇ ಸಮವಸ್ತ್ರ, ಹೋಗಬೇಕಾದದ್ದು ಒಂದೇ ಕಡೆ. ಆದರೂ ಅಪ್ಪನ ಜೊತೆ ಬೀದಿಯಲ್ಲಿ ಕಾಣಿಸಿಕೊಳ್ಳುವ ವಯಸ್ಸು ಅದಲ್ಲ. ಅವನು ಒಬ್ಬನೇ ಮೆಟ್ಟಿಲಿಳಿದ. ಅಂಗೈಯಲ್ಲಿ ಗುಂಡಿ ಒತ್ತುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಿನ್ನೆ ಸಂಜೆಯ ಮಾತು ಒತ್ತುತ್ತಿತ್ತು. ಮಗ ಜಗಲಿಯಲ್ಲಿ ಕೂತು ಸೊಂಟಪಟ್ಟಿಯ ಹಿತ್ತಾಳೆ ಬಿಲ್ಲೆಯನ್ನು ತಿಕ್ಕುತ್ತಿದ್ದ, ಪಕ್ಕದಲ್ಲಿ ಅವನ ದೊಡ್ಡ ಡ್ರಮ್ಮು. ಎರಡು ವರ್ಷ ಸಣ್ಣ ಡ್ರಮ್ಮು ಬಾರಿಸಿ, ಉಳಿದವರೆಲ್ಲ ಆಡಲು ಹೋದಾಗ ದಿಂಬಿನ ಮೇಲೆ ಕೋಲು ಕುಟ್ಟಿ ಕುಟ್ಟಿ ಅಭ್ಯಾಸ ಮಾಡಿ ಅವನು ಸಂಪಾದಿಸಿದ್ದು ಅದು. ತಲೆ ಎತ್ತದೆ ಹೇಳಿದ: “ನಾಳೆ ಏನಾದ್ರೂ ಎಡವಟ್ಟಾದ್ರೆ ಡ್ರಮ್ ವಾಪಸ್ ಕೊಟ್ಬಿಡ್ತೀನಿ. ದಳಾನೂ ಬೇಡ.” ಕೂಗಿ ಹೇಳಿದ್ದರೆ ಕೋಪ ಎಂದು ತಳ್ಳಿಹಾಕಬಹುದಿತ್ತು. ಬಿಲ್ಲೆಗೆ ಉಸಿರು ಬಿಟ್ಟು ತಿಕ್ಕುತ್ತಲೇ ಹೇಳಿದ, ಅಷ್ಟು ಯೋಚಿಸಿದ್ದ. ಕವಾಯತಿನಲ್ಲಿ ಅಪ್ಪ ‘ದಳ’ ಎಂದು ಕೂಗಿ, ಹೆಬ್ಬೆರಳ ಬುಡ ಸವರಿಕೊಂಡು, ಆಮೇಲೆ ಎಡಕ್ಕೋ ಬಲಕ್ಕೋ ಎನ್ನುವುದನ್ನು ಹುಡುಗರು ನೋಡಿ ಕಲಿತಿದ್ದರು; ಬೆನ್ನ ಹಿಂದೆ ಎಲ್ಲರೂ ಹೆಬ್ಬೆರಳು ಸವರಿಕೊಂಡು ಕಿಸಿಯುತ್ತಿದ್ದರು. ಅದರ ಅರ್ಥ ಅವರಿಗೆ ತಿಳಿಯದಿದ್ದರೂ ತಪ್ಪು ಆಜ್ಞೆಗಳು ತಿಳಿದಿದ್ದವು. ಎಡಬಲ ಕ್ಯಾಪ್ಟನ್ ಎಂಬ ಹೆಸರು ಯಾರ ಬಾಯಿಂದ ಮೊದಲು ಬಂತೋ, ಅದು ಸುತ್ತಿ ಸುತ್ತಿ ಬಂದು ಬಿದ್ದದ್ದು ಮಗನ ಕಿವಿಗೆ. ಹುಡುಗರಲ್ಲಿ ಅಪ್ಪನ ಗುಟ್ಟು ಗೊತ್ತಿದ್ದವನು ಅವನೊಬ್ಬನೇ ಆದ್ದರಿಂದ ನಗಲೂ ಆಗದೆ, ಬೈಯಲೂ ಆಗದೆ, ನುಂಗಲಾರದ ತುತ್ತನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಹಾಗಾದರೆ ಒಪ್ಪಿಕೊಂಡದ್ದಾದರೂ ಯಾಕೆ? ಬೀದಿ ಖಾಲಿಯಿತ್ತು, ಅಂಗಡಿಗಳ ಬಾಗಿಲು ಮುಚ್ಚಿದ್ದವು, ಒಬ್ಬಳು ಹೆಂಗಸು ಕಿಟಕಿಯಿಂದ ಚಾದರ ಕೊಡವುತ್ತಿದ್ದಳು. ಸಭೆಯಲ್ಲಿ ಪಾಸ್ಟರು ‘ಇನ್ಮೇಲೆ ನೀವು ನೋಡ್ಕೊಳ್ಳಿ’ ಎಂದಾಗ ಚರ್ಚಿನ ಖಜಾಂಚಿ ಕೆಮ್ಮಿ, ಯಾರಾದರೂ ಚುರುಕಾದ ಹರೆಯದವರು ಆದರೆ ಒಳ್ಳೆಯದಿತ್ತಲ್ಲ ಎಂದದ್ದು ಅವನಿಗೆ ಕೇಳಿಸಿತ್ತು. ಆ ಕೆಮ್ಮಿಗೆ ಉತ್ತರವಾಗಿ ಹೂಂ ಎಂದನೆ? ಅಷ್ಟೇ ಅಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಖುಷಿಯಾಗಿತ್ತು, ಅದೇ ನಿಜ. ಹುಡುಗನಾಗಿದ್ದಾಗ ವಾರವೆಲ್ಲ ಅವನು ಕಾಯುತ್ತಿದ್ದದ್ದು ಶನಿವಾರಕ್ಕೆ. ಹಿತ್ತಾಳೆ ತಿಕ್ಕುವ ಪುಡಿಯ ವಾಸನೆ, ಓರೆಯಾಗಿ ಕೂರಿಸಿದ ಟೋಪಿ, ಎದೆಗಡ್ಡವಾದ ಬಿಳಿ ಪಟ್ಟಿ; ಎಲ್ಲಕ್ಕಿಂತ ಹೆಚ್ಚಾಗಿ ಡ್ರಮ್ಮಿನ ಒಂದು ಏಟಿಗೆ ಎಲ್ಲರ ಜೊತೆ ತನ್ನ ಕಾಲೂ ನೆಲ ಮುಟ್ಟುವ ಆ ಕ್ಷಣ. ನೇರ ನಡೆಯುವಷ್ಟು ಹೊತ್ತು ಅವನು ಯಾರಿಗೂ ಕಡಿಮೆಯಿರಲಿಲ್ಲ. ತಿರುಗುವಾಗ ಕೆಡುತ್ತಿತ್ತು. ದೊಡ್ಡ ತಪಾಸಣೆಯ ದಿನ, ಹೊರಗಿನಿಂದ ಬಂದ ಅಧಿಕಾರಿಗಳ ಎದುರು, ಸಾಲೆಲ್ಲ ಒಂದು ಕಡೆ ತಿರುಗಿದರೆ ಅವನು ಇನ್ನೊಂದು ಕಡೆ ತಿರುಗಿ ಹಿಂದಿನ ಹುಡುಗನ ಮೂಗಿಗೆ ಮೂಗು ತಾಗುವಂತೆ ನಿಂತಿದ್ದ. ಆ ಹುಡುಗ ಮಿಸುಕದೆ, ತುಟಿ ಅಲುಗಿಸದೆ, ‘ಏನಪ್ಪಾ, ಚೆನ್ನಾಗಿದ್ದೀಯಾ?’ ಎಂದು ಪಿಸುಗುಟ್ಟಿದ್ದ. ಆಗ ನಗು ಬಂದದ್ದೋ ಅಳು ಬಂದದ್ದೋ ನೆನಪಿಲ್ಲ, ಕಿವಿ ಬಿಸಿಯಾದದ್ದು ಮಾತ್ರ ಈ ಬೀದಿಯಲ್ಲೂ ನೆನಪಾಯಿತು. ಆಗ ಕ್ಯಾಪ್ಟನ್ ಆಗಿದ್ದವರ ಮೀಸೆಯೇ ಅವರ ಹೆಸರಾಗಿತ್ತು. ಮೀಸೆ ಕ್ಯಾಪ್ಟನ್ ಅವತ್ತು ಬೈಯಲಿಲ್ಲ. “ತಪ್ಪು ಮಾಡೋದಾದ್ರೆ ಗಟ್ಟಿಯಾಗಿ ಮಾಡು ಮಗಾ, ಮುದುಡ್ಕೊಂಡು ಮಾಡ್ಬೇಡ,” ಎಂದು ಬೆನ್ನು ತಟ್ಟಿ, ಅಂದಿನಿಂದ ಅವನನ್ನು ಕೊನೆಯ ಸಾಲಿಗೆ ಹಾಕಿದರು. ಗುಂಪಿನಲ್ಲಿ ಗೋವಿಂದ ಎನ್ನುವ ಮಾತು ಚರ್ಚಿನವರ ಬಾಯಲ್ಲೂ ಬರುತ್ತದೆ. ಕೊನೆಯ ಸಾಲಿನಲ್ಲಿ ಅವನು ಅದೇ ಆಗಿ ಸುಖವಾಗಿದ್ದ. ಕೊನೆಯ ಸಾಲಿನವನು ಮುಂದೆ ಬಂದು ನಿಂತರೆ ಆಗುವುದು ಇದೇ.

ಕವಾಯತು ನಡೆಯುವ ಹಾಲ್‌ನಲ್ಲಿ ಹುಡುಗರು ಆಗಲೇ ಸಾಲು ನಿಂತಿದ್ದರು. ಎರಡು ಸಾಲು, ನಡುವೆ ಇಬ್ಬರು ನುಸುಳುವಷ್ಟು ಜಾಗ. ಮುಂದೆ ಬಾವುಟ ಹಿಡಿದ ಉದ್ದಣ್ಣ. ಆರು ತಿಂಗಳಲ್ಲಿ ಪ್ಯಾಂಟು ಮೋಟಾಗುವಷ್ಟು ಬೆಳೆದು ತನ್ನ ಎತ್ತರಕ್ಕೆ ತಾನೇ ಹೆದರಿದವನು. ಅವನ ಹಿಂದೆ ಮಗ, ಹೊಟ್ಟೆಯ ಮೇಲೆ ಡ್ರಮ್ಮು. ಕೊನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದ ಕಡ್ಲೆ, ಟೋಪಿಯೊಳಗೆ ಕಾಗದ ತುರುಕಿ ಅದನ್ನು ಕಣ್ಣಿನ ಮೇಲೆ ಇಳಿಯದ ಹಾಗೆ ನಿಲ್ಲಿಸಿಕೊಂಡವನು. ಕ್ಯಾಪ್ಟನ್ ಆಗಿ ಅವನು ಒಬ್ಬೊಬ್ಬರ ಉಗುರು, ಬಿಲ್ಲೆ, ಬೂಟು ನೋಡುತ್ತ ಹೋದ. ಮಗನ ಎದುರು ಬಂದಾಗ ಇಬ್ಬರೂ ಬಿಲ್ಲೆಯನ್ನೇ ನೋಡಿದರು. ಅದು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಅವನ ಮುಖ ಸೊಟ್ಟಗೆ ಕಾಣುತ್ತಿತ್ತು. “ಚೆನ್ನಾಗಿದೆ,” ಎಂದ. ಮಗ ಗೋಡೆ ನೋಡಿದ. ಆಮೇಲೆ ಪ್ರಾರ್ಥನೆ. ದಳದಲ್ಲಿ ಪ್ರಾರ್ಥನೆಗೆ ಬರಿದಲೆ, ಬರಿಗೈ. ಅದು ಮೀಸೆ ಕ್ಯಾಪ್ಟನ್‌ಗಿಂತಲೂ ಹಳೆಯ ಪದ್ಧತಿ. ಅವನು ಟೋಪಿ ಕಂಕುಳಲ್ಲಿರಿಸಿ, ಗವಸುಗಳನ್ನು ಕಳಚಿ, ಗುಂಡಿ ಬೀಳದ ಹಾಗೆ ಎರಡನ್ನೂ ಒಟ್ಟಿಗೆ ಮಡಿಚಿ ಹಿಡಿದುಕೊಂಡ. ದೇವರೇ, ಈ ಹುಡುಗರನ್ನು ದಾರಿಯಲ್ಲಿ ನಡೆಸು ಎಂದು ಗಟ್ಟಿಯಾಗಿ, ನನ್ನನ್ನೂ ಎಂದು ಮನಸ್ಸಿನಲ್ಲಿ. ಆಮೆನ್ ಆದೊಡನೆ ಗವಸು ತೊಟ್ಟುಕೊಂಡ. ಮೆರವಣಿಗೆಯ ಅಗ್ಗದ ಹತ್ತಿ ಗವಸುಗಳಿಗೆ ಎಡ ಬಲ ಇಲ್ಲ, ಯಾವುದನ್ನು ಯಾವ ಕೈಗೆ ಹಾಕಿದರೂ ಕೂರುತ್ತವೆ ಎನ್ನುವುದನ್ನು ಹೆಂಡತಿಯೂ ಯೋಚಿಸಿರಲಿಲ್ಲ, ಅವನೂ ಯೋಚಿಸಿರಲಿಲ್ಲ. ಅಂಗೈಯಲ್ಲಿ ಗುಂಡಿ ಒತ್ತಿತು. ಇದು ಬಲ. ಎಷ್ಟೋ ದಿನಗಳ ಮೇಲೆ ಮನಸ್ಸು ನಿರಾಳವಾಯಿತು.

ಗೇಟು ದಾಟಿ ಬೀದಿಗೆ ಬಂದೊಡನೆ ಮಗ ಡ್ರಮ್ಮಿಗೆ ಮೊದಲ ಏಟು ಹಾಕಿದ. ಅದು ಅಪ್ಪನ ಬೆನ್ನಿಗೇ ಬಿದ್ದಂತಾಯಿತು, ಕಾಲು ತಾನಾಗಿ ಎದ್ದಿತು. ಕಹಳೆ ಹೊಮ್ಮಿತು. ಹಿಂದೆ ಅಷ್ಟೂ ಬೂಟುಗಳು ಒಟ್ಟಿಗೆ ನೆಲ ಮುಟ್ಟುವ ಸದ್ದು. ಚಾದರ ಕೊಡವುತ್ತಿದ್ದವಳು ಚಾದರವನ್ನು ಮರೆತು ನಿಂತಳು, ಬಾಗಿಲುಗಳು ತೆರೆದವು, ಯಾರೋ ಮಗುವನ್ನು ಹೆಗಲಿಗೇರಿಸಿಕೊಂಡರು. ಇಷ್ಟು ದಿನ ಬಾಗಿದ ಕತ್ತಿನಿಂದ ಗಾಜಿನ ಅಂಚು ನೋಡುತ್ತಿದ್ದವನು ತಾನೇ ಎನ್ನುವುದು ಅವನಿಗೆ ನಂಬಿಕೆಯಾಗಲಿಲ್ಲ. ಬಿಸಿಲು ಎಳೆಯದಾಗಿ ಬೀದಿಯ ಉದ್ದಕ್ಕೂ ಬಿದ್ದಿತ್ತು, ಬಾವುಟದ ನೆರಳು ಅವನ ಹೆಗಲ ಮೇಲೆ ಆಡುತ್ತಿತ್ತು, ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. ಔಷಧಿ ಅಂಗಡಿಯ ಮೂಲೆ ಬಂತು. ಅಲ್ಲಿ ಒಂದು ಕಡೆ ತಿರುಗಿದರೆ ಚರ್ಚು, ಇನ್ನೊಂದು ಕಡೆ ತಿರುಗಿದರೆ ಲಾಂಡ್ರಿಯ ಗೋಡೆಗೆ ಹೋಗಿ ಮುಗಿಯುವ ಸಂದಿ. ಚರ್ಚು ಯಾವ ಕಡೆ ಎಂದು ಅವನಿಗೆ ಚೆನ್ನಾಗಿ ಗೊತ್ತು, ಗೋಪುರವೇ ಕಾಣುತ್ತದೆ. ಅದಕ್ಕೆ ಹೆಸರಿಡಬೇಕಷ್ಟೆ. ಚರ್ಚಿನ ಕಡೆಯ ಅಂಗೈಯನ್ನು ಮುಚ್ಚಿ ನೋಡಿದ. ಗುಂಡಿ ಒತ್ತಿತು. ಎಳ್ಳಷ್ಟೂ ಅನುಮಾನವಿಲ್ಲದೆ, ಬದುಕಿನಲ್ಲೇ ಮೊದಲ ಬಾರಿಗೆ ಹೆಬ್ಬೆರಳು ಸವರದೆ, ಗಂಟಲು ತುಂಬಿ ಕೂಗಿದ: “ದಳ... ಬಲಕ್ಕೆ... ತಿರುಗಿ!” ಕೂಗಿ, ಎದೆ ಸೆಟೆದು, ತಾನು ಚರ್ಚಿನ ಕಡೆ ತಿರುಗಿ ನಡೆದ.

ಕಾಲಿಗೂ ಡ್ರಮ್ಮಿಗೂ ತಾಳ ಕೂಡಿತ್ತು. ಆದರೆ ಡ್ರಮ್ಮು ಯಾಕೋ ಮೆತ್ತಗಾಗುತ್ತಿತ್ತು. ಮಗನಿಗೆ ಕೈ ಸೋತಿತೇ ಎಂದುಕೊಂಡ. ಹಿಂದಿರುಗಿ ನೋಡುವುದು ಕ್ಯಾಪ್ಟನ್‌ನ ಘನತೆಗೆ ತಕ್ಕದ್ದಲ್ಲ, ಆದ್ದರಿಂದ ಇನ್ನಷ್ಟು ದೂರ ಕೈ ಬೀಸಿಕೊಂಡು ನಡೆದ. ಎದುರಿನಿಂದ ಪೇಪರು ಹಿಡಿದು ಬರುತ್ತಿದ್ದವನೊಬ್ಬ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ತುಂಬ ಮರ್ಯಾದೆಯಿಂದ, “ಸಾರ್, ನಿಮ್ಮವರು ಆ ಕಡೆ ಹೋದ್ರು,” ಎಂದ.

ತಿರುಗಿ ನೋಡಿದರೆ ಬೀದಿ ಬರಿದು. ಕಿವಿ ಬಿಸಿಯಾಯಿತು, ಹಳೆಯ ಬಿಸಿ. ಅವನು ಓಡಿದ. ಟೋಪಿಯನ್ನು ಒಂದು ಕೈಯಿಂದ ಒತ್ತಿ ಹಿಡಿದು, ಬಿಗಿದ ಸೊಂಟಪಟ್ಟಿಯೊಳಗೆ ಹೊಟ್ಟೆ ಕುಲುಕುತ್ತ, ಓಡುತ್ತಲೇ ಎಲ್ಲ ಮುಗಿಯಿತು ಎಂದುಕೊಂಡ. ಮಗ ಡ್ರಮ್ಮು ವಾಪಸು ಕೊಡುತ್ತಾನೆ. ಖಜಾಂಚಿ ಕೆಮ್ಮುತ್ತಾನೆ. ಕೊಟ್ಟರೆ ಕೊಡಲಿ, ಕೆಮ್ಮಿದರೆ ಕೆಮ್ಮಲಿ, ಆದರೆ ಮಗ ಜಗಲಿಯಲ್ಲಿ ಬರಿಗೈಯಲ್ಲಿ ಕೂತದ್ದನ್ನು ತಾನು ಹೇಗೆ ನೋಡುವುದು? ಸಂದಿಯ ಬಾಯಿಗೆ ಬಂದಾಗ ಡ್ರಮ್ಮು ಮತ್ತೆ ಜೋರಾಗಿ ಕೇಳಿಸಿತು. ದಳ ಅಷ್ಟೂ ಸಂದಿಯೊಳಗೆ ತುಂಬಿಕೊಂಡಿತ್ತು. ಮುಂದೆ ಗೋಡೆ, ಅದಕ್ಕೆ ಬಾವುಟದ ಕೋಲು ತಾಗುವಷ್ಟು ಹತ್ತಿರ ಉದ್ದಣ್ಣ. ಆದರೆ ಯಾರೂ ಚದುರಿರಲಿಲ್ಲ. ಮುಂದಿನ ಆಜ್ಞೆ ಬರುವವರೆಗೆ ನಿಂತಲ್ಲೇ ಹೆಜ್ಜೆ ಹಾಕಬೇಕು ಎನ್ನುವುದು ದಳದ ನಿಯಮ. ಎರಡೂ ಸಾಲು ನಿಂತಲ್ಲೇ ಮಂಡಿ ಎತ್ತಿ ಎತ್ತಿ ಹೆಜ್ಜೆ ಹಾಕುತ್ತಿದ್ದವು, ಮಗನ ಡ್ರಮ್ಮು ಒಂದೇ ಸಮನೆ ಹೊಡೆಯುತ್ತಿತ್ತು. ಅದು ನಿಂತಿದ್ದರೆ ಸಾಲುಗಳೂ ನಿಲ್ಲುತ್ತಿದ್ದವು, ನಗು ಶುರುವಾಗುತ್ತಿತ್ತು. ಅದು ನಿಂತಿರಲಿಲ್ಲ. ಕೊನೆಯಲ್ಲಿದ್ದ ಕಡ್ಲೆ ಹೆಜ್ಜೆ ಹಾಕುತ್ತಲೇ ಅವನನ್ನು ಕಂಡು, ಮುಖ ಅರಳಿಸಿ, ಏದುಸಿರಲ್ಲಿ ಚಾಡಿ ಹೇಳಿದ: “ಸಾರ್, ಉದ್ದಣ್ಣ ಮೂಲೇಲಿ ನಿಂತೇಬಿಟ್ಟಿದ್ದ ಸಾರ್. ಬಾವುಟ ಆ ಕಡೆ ಈ ಕಡೆ ಆಡಿಸ್ತಿದ್ದ. ನಿಮ್ಮ ಮಗ ‘ಕ್ಯಾಪ್ಟನ್ ಹೇಳಿದ್ದು ಬಲಕ್ಕೆ’ ಅಂತ ಹಿಂದಿಂದ ಡ್ರಮ್ಮಲ್ಲೇ ತಳ್ಕೊಂಡು ಕರ್ಕೊಂಡ್ ಬಂದ ಸಾರ್.”

ಅವನು ಎರಡು ಸಾಲುಗಳ ನಡುವೆ ನುಗ್ಗಿದ. ಎರಡೂ ಬದಿಯಲ್ಲಿ ಏಳುವ ಇಳಿಯುವ ಮಂಡಿಗಳು, ಬೆವರಿದ ಕತ್ತುಗಳು, ಓರೆಗಣ್ಣುಗಳು. ತನ್ನ ಮಗ ತಪ್ಪು ಎಂದು ಗೊತ್ತಿದ್ದೂ ತಪ್ಪಿನ ಕಡೆಗೇ ತಿರುಗಿದ ಎನ್ನುವುದು ಹೆಜ್ಜೆಗೊಂದು ಸಲ ಮನಸ್ಸಿಗೆ ಬಂದು ಬಡಿಯುತ್ತಿತ್ತು. ಮುಂದೆ ತಲುಪಿ ಗೋಡೆಗೆ ಬೆನ್ನು ಕೊಟ್ಟು ತಿರುಗಿದಾಗ ಮಗ ಎದುರಿಗಿದ್ದ. ಕೆಂಪಗಾದ ಮುಖ, ಮೂಗಿನ ತುದಿಯಲ್ಲಿ ತೂಗುವ ಬೆವರಹನಿ, ಕಣ್ಣು ನೇರ ಅವನ ಮೇಲೆ. ಅದರಲ್ಲಿ ಕೋಪವಿರಲಿಲ್ಲ, ಹೇಳಿ, ಏನ್ ಮಾಡೋಣ, ನಾನು ಬಾರಿಸ್ತಾ ಇರ್ತೀನಿ ಎನ್ನುವಂತಿತ್ತು. ಏನು ಮಾಡುವುದು? ಹಿಂದೆ ತಿರುಗಿ ಎಂದರೆ ಕಡ್ಲೆ ಮುಂದಾಗುತ್ತಾನೆ, ಬಾವುಟ ಹಿಂದಾಗುತ್ತದೆ. ಬಾವುಟ ಯಾವತ್ತೂ ಮುಂದೆ ಎನ್ನುವುದನ್ನು ಮುರಿದ ಕ್ಯಾಪ್ಟನ್ ಇನ್ನೂ ಹುಟ್ಟಿಲ್ಲ. ಎಡಸಾಲು ಹೀಗೆ, ಬಲಸಾಲು ಹಾಗೆ ಎನ್ನಲು ಅವನಿಗೆ ಧೈರ್ಯವೂ ಇರಲಿಲ್ಲ, ಉಸಿರೂ ಇರಲಿಲ್ಲ. ಮೇಲೆ ಮಹಡಿಯ ಬಾಲ್ಕನಿಯಲ್ಲಿ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಮುದುಕನೊಬ್ಬ ಬಗ್ಗಿ ನೋಡುತ್ತಿದ್ದ. “ಮುಂದಿನ ಕುರಿ ಹಳ್ಳಕ್ಕೆ ಬಿತ್ತಾ?” ಎಂದು ಕೇಳಿದ. ಲಾಂಡ್ರಿಯ ಕಿಟಕಿಯಲ್ಲಿ ಇಸ್ತ್ರಿ ಮಾಡುವ ಹೆಂಗಸರು ಒಬ್ಬರ ಮೇಲೊಬ್ಬರು ಇಣುಕಿ ಕಿಲಕಿಲ ಎಂದರು. ಅವನು ಸಾಲುಗಳ ನಡುವೆ ತಾನೀಗ ಓಡಿಬಂದ ದಾರಿಯನ್ನು ನೋಡಿದ. ತಾನು ಬರಬಹುದಾದಲ್ಲಿ ಬಾವುಟ ಹೋಗಬಹುದು. ಬಾವುಟ ಹೋದಲ್ಲಿ ಡ್ರಮ್ಮು.

“ನನ್ನ ಹಿಂದೆ ಬನ್ನಿ,” ಎಂದ. ಆಜ್ಞೆಯೂ ಅಲ್ಲ, ಕೂಗೂ ಅಲ್ಲ, ಮನೆಯಲ್ಲಿ ಹೇಳುವ ಹಾಗೆ. ಉದ್ದಣ್ಣನ ತೋಳು ಹಿಡಿದು ಸುತ್ತ ತಿರುಗಿಸಿ, ತಾನು ಮುಂದಾಗಿ ಸಾಲುಗಳ ನಡುವೆ ನಡೆದ. ಬಾವುಟ ಹಿಂಬಾಲಿಸಿತು. ಮಗ ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಥಮಾಡಿಕೊಂಡ. ಡ್ರಮ್ಮನ್ನು ಎದೆಯ ಮೇಲಕ್ಕೆತ್ತಿಕೊಂಡು, ಒಂದು ಏಟೂ ತಪ್ಪಿಸದೆ, ಒಳಗೆ ನುಸುಳಿದ. “ಡ್ರಮ್ ಹಿಂದೆ ಬನ್ರೋ, ಜೋಡಿ ಜೋಡಿ!” ಎಂದು ಅವನೇ ಕೂಗಿದ್ದು ಬೆನ್ನ ಹಿಂದಿನಿಂದ ಕೇಳಿಸಿತು. ಮೊದಲ ಜೋಡಿ ಒಳಗೆ ತಿರುಗಿತು, ಅದರ ಹಿಂದೆ ಎರಡನೆಯದು. ಅಂಗಿಯ ತೋಳನ್ನು ಹಿಡಿದು ಒಳಗಿನಿಂದ ಎಳೆದು ಮಗುಚಿದ ಹಾಗೆ ದಳ ತನ್ನೊಳಗಿನಿಂದ ತಾನೇ ಹೊರಬರತೊಡಗಿತು. ಇನ್ನೂ ಗೋಡೆಯ ಕಡೆ ಮುಖ ಮಾಡಿ ಹೆಜ್ಜೆ ಹಾಕುತ್ತಿದ್ದವರು ಎದುರು ಬರುವವರಿಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಸಿಕ್ಕರು. ಯಾರೋ ಕಿಸಕ್ಕೆಂದ. ಇನ್ನೊಬ್ಬ ನಮಸ್ಕಾರ ಸಾರ್ ಎಂದ. ನಗು ಜೋಡಿಯಿಂದ ಜೋಡಿಗೆ ಹಬ್ಬಿತು, ಆದರೆ ಒಂದು ಕಾಲೂ ತಪ್ಪಲಿಲ್ಲ. ಕಹಳೆಯವನಿಗೆ ಮಾತ್ರ ನಗುತ್ತ ಊದಲಾಗದೆ ಅದು ಕುರಿಮರಿಯ ದನಿಯಲ್ಲಿ ಅರಚಿತು. ಅದಕ್ಕೆ ಇನ್ನಷ್ಟು ನಗು. ಮುದುಕ ನೊರೆಯ ಕೈಯಿಂದಲೇ ಚಪ್ಪಾಳೆ ತಟ್ಟಿದ, ನೊರೆ ಹನಿಹನಿಯಾಗಿ ಟೋಪಿಗಳ ಮೇಲೆ ಬಿತ್ತು. ಇಸ್ತ್ರಿಯ ಹೆಂಗಸರು ಮಡಿಚಿದ ಬಟ್ಟೆಗಳನ್ನೇ ಬೀಸಿದರು. ಸಂದಿ ಕಿರಿದಾದ್ದರಿಂದ ಡ್ರಮ್ಮಿನ ಸದ್ದು ಎರಡೂ ಗೋಡೆಗೆ ಬಡಿದು ನಾಲ್ಕು ಪಟ್ಟಾಗಿ ಅವನ ಎದೆಗೂಡನ್ನು ತುಂಬಿತ್ತು. ಸುಖ ಎಂದರೆ ಇದೇ ಇರಬೇಕು ಎಂದು ಅವನಿಗೆ ಅನಿಸಿತು, ಅನಿಸಿದ್ದಲ್ಲ, ಗೊತ್ತಾಯಿತು. ಮೂಲೆಗೆ ಬಂದಾಗ ಅವನು ಯಾವ ಹೆಸರನ್ನೂ ಕೂಗಲಿಲ್ಲ. ಗೋಪುರ ನೋಡಿಕೊಂಡು ನೇರ ನಡೆದ, ಎಲ್ಲರೂ ಬಂದರು.

ಚರ್ಚಿನ ಅಂಗಳದಲ್ಲಿ ಜನ ಒಳಗೆ ಹೋಗದೆ ಕಾಯುತ್ತಿದ್ದರು. ಪಾಸ್ಟರು ಮೆಟ್ಟಿಲ ಮೇಲೆ, ಅವರ ಪಕ್ಕದಲ್ಲಿ ಖಜಾಂಚಿ. ದಳ ನಿಂತಿತು, ಡ್ರಮ್ಮು ನಿಂತಿತು. ಆ ನಿಶ್ಶಬ್ದದಲ್ಲಿ ಅವನ ಎದೆ ಮತ್ತೆ ಮೈಯೆಲ್ಲ ಹೊಡೆದುಕೊಳ್ಳತೊಡಗಿತು.

“ಏನ್ ಕ್ಯಾಪ್ಟನ್ರೇ,” ಎಂದರು ಖಜಾಂಚಿ, ಕೆಮ್ಮಿಯೇ. “ಡ್ರಮ್ ಸದ್ದು ಹತ್ರ ಬಂತು, ದೂರ ಹೋಯ್ತು, ಮತ್ತೆ ಹತ್ರ ಬಂತು. ಊರೆಲ್ಲ ಸುತ್ತಿ ಬಂದ್ರಾ?”

ಅವನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು: ರಸ್ತೆ ಅಗೆದಿದ್ದರು, ಬಳಸಿ ಬರಬೇಕಾಯಿತು. ಇಂಥವು ಅವನ ಬಳಿ ಯಾವಾಗಲೂ ಒಂದೆರಡು ಇರುತ್ತಿದ್ದವು. ಆದರೆ ಹಿಂದಿನಿಂದ ಮಗ, ಡ್ರಮ್ಮಿನ ಮೇಲೆ ಕೋಲು ಅಡ್ಡ ಇಟ್ಟುಕೊಂಡು, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ: “ನಮ್ಮಪ್ಪಂಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ಲ ಅಂಕಲ್. ಚಿಕ್ಕಂದಿನಿಂದಾನೂ ಅಷ್ಟೇ. ಅದಕ್ಕೇ ಲಾಂಡ್ರಿ ಸಂದಿಗೆ ಹೋಗ್ಬಿಟ್ವಿ. ಆಮೇಲೆ ಬಾವುಟ ಮುಂದಿಟ್ಕೊಂಡೇ ವಾಪಸ್ ಬಂದ್ವಿ, ಒಬ್ರೂ ಹೆಜ್ಜೆ ತಪ್ಪಿಲ್ಲ. ನೀವು ನೋಡ್ಬೇಕಿತ್ತು.”

ನಮ್ಮಪ್ಪ ಎತ್ತರ ಇದ್ದಾರೆ, ನಮ್ಮಪ್ಪ ಕನ್ನಡಕ ಮಾಡುತ್ತಾರೆ ಎನ್ನುವ ಧಾಟಿಯಲ್ಲೇ ಹೇಳಿದ್ದ. ಇಷ್ಟು ವರ್ಷ ಚುಕ್ಕಿ ಅಂಟಿಸಿ, ಜಡ್ಡು ಸವರಿ ಕಾಪಾಡಿಕೊಂಡ ಗುಟ್ಟು ಬಿಸಿಲಿನಲ್ಲಿ ಎಲ್ಲರ ಮುಂದೆ ಬಿದ್ದಿತ್ತು, ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ಹೆಂಗಸರ ನಡುವೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. “ನನ್ನ ಹೆಂಡತೀನ ಕೇಳಿ, ಬಸ್ಸಿಂದ ಇಳಿದ್ರೆ ನಂಗೆ ಮನೆ ಯಾವ ಕಡೆ ಅಂತಾನೇ ಗೊತ್ತಾಗಲ್ಲ,” ಎಂದರು ಪಾಸ್ಟರು. “ಬನ್ನಿ ಕ್ಯಾಪ್ಟನ್, ಬಾಗಿಲು ನೇರಕ್ಕೇ ಇದೆ.” ಖಜಾಂಚಿಗೆ ಕೆಮ್ಮುವುದು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ, ಆಮೇಲೆ ಅವರೂ ನಕ್ಕರು. ಅವನೂ ನಕ್ಕ, ಹೊಟ್ಟೆ ಹಿಡಿದುಕೊಂಡು, ಸೊಂಟಪಟ್ಟಿ ಸಡಿಲಿಸಬೇಕಾಗುವಷ್ಟು ನಕ್ಕ.

ಜನ ಒಳಗೆ ಹೋಗತೊಡಗಿದರು. ಮಗ ಹತ್ತಿರ ಬಂದು, ಹೆಗಲ ಪಟ್ಟಿ ಬಿಚ್ಚಿ, ಡ್ರಮ್ಮನ್ನು ಎತ್ತಿ ಅವನ ತೋಳಿಗೆ ಕೊಟ್ಟ. “ಹಿಡ್ಕೊಳ್ಳಿ.”

ಅವನ ನಗು ಅಲ್ಲಿಗೇ ನಿಂತಿತು. ನಿನ್ನೆ ಆಡಿದ ಮಾತು ಮಾತೇ. ಹುಡುಗ ತನ್ನ ಕೆಲಸ ಮುಗಿಸಿ, ಅಪ್ಪನ ಮಾನ ಉಳಿಸಿ, ಈಗ ಆಡಿದಂತೆ ನಡೆದುಕೊಂಡಿದ್ದಾನೆ. ಅವನು ಡ್ರಮ್ಮನ್ನು ತೋಳಲ್ಲಿ ಸರಿಯಾಗಿ ಹಿಡಿದುಕೊಂಡ. ಒಳಗೆ ಆರ್ಗನ್ನಿನ ದಪ್ಪ ಸ್ವರ ಎದ್ದಿತು, ಅದಕ್ಕೆ ಡ್ರಮ್ಮಿನ ಚರ್ಮ ಅವನ ಅಂಗೈ ಕೆಳಗೆ ಸಣ್ಣಗೆ ನಡುಗಿತು. ಬಾರಿಸಿ ಬಾರಿಸಿ ಅದು ಇನ್ನೂ ಬೆಚ್ಚಗಿತ್ತು. ಮಗ ಬಗ್ಗಿ ಬೂಟಿನ ದಾರ ಬಿಗಿದು ಕಟ್ಟಿದ, ಎದ್ದು ತೋಳಿನಿಂದ ಮುಖದ ಬೆವರು ಒರೆಸಿದ, ಟೋಪಿಯ ಮೇಲೆ ಒಣಗಿದ್ದ ಸೋಪಿನ ನೊರೆಯನ್ನು ಕೆರೆದು ಅದನ್ನು ಓರೆಯಾಗಿ ಕೂರಿಸಿಕೊಂಡ. ಆಮೇಲೆ ಎರಡೂ ಕೈ ಮುಂದೆ ಚಾಚಿದ.

“ಕೊಡಿ ಅಪ್ಪ,” ಎಂದ.